ಹದಿನಾಲ್ಕನೇ ನಂಬರಿನ ಪಟ್ಟಿ

ಓಟ ಅಂದರೆ ಹೆಚ್ಚುಪಾಲು ಕಾಯುವುದೇ.
ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ಬೆಳಗಿನ ಜಾವ ಮೂರೂಕಾಲು, ಜಕ್ಕನಹಳ್ಳಿ ಕ್ರಾಸು.
ಬಾಗಿಲೆಳೆದ ಟೀ ಅಂಗಡಿಯ ಕಲ್ಲುಬೆಂಚಿನ ಮೇಲೆ
ಶೂ ಲೇಸು ಬಿಚ್ಚುತ್ತೇನೆ, ಕಟ್ಟುತ್ತೇನೆ.
ನಾಯಿಯೊಂದು ಬಂದು ಮೂಸಿ
ನನ್ನಿಂದ ಏನೂ ಗಿಟ್ಟದೆಂದು ತಿಳಿದು
ಬೆಂಚಿನಡಿ ಮುದುಡಿತು.

ಕರಿಘಟ್ಟದ ಬುಡದಲ್ಲಿ ಹತ್ತೂವರೆಗೆ ಸೀಟಿ.
ಮೊದಲು ಲೈನ್‌ಮನ್ ಚಿಕ್ಕೈದ, ಕಂಬ ಹತ್ತಿ ಬಲಿತ ಕಾಲು.
ಅವನ ಕೈಯಿಂದ ಪಿ.ಟಿ. ಮೇಷ್ಟ್ರು ಸೋಮಾಚಾರಿ,
ಕುಂತಿಬೆಟ್ಟದ ಬಂಡೆಸಂದಿಯಲ್ಲಿ
ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು ಹತ್ತಿ ಇಳಿದರಂತೆ,
ಐವತ್ತೆರಡಕ್ಕೆ, ಮನೆಯಲ್ಲಿ ಹೇಳದೆ.
ಆಮೇಲೆ ಮರಿಮಾದ, ಆಲೆಮನೆಯಲ್ಲಿ ಕೊಪ್ಪರಿಗೆ ಕಾಯುವವನು.
ತೊಣ್ಣೂರು ಕೆರೆ ಏರಿ ದಾಟಿ
ಎರಡೂವರೆಗೇ ಇಲ್ಲಿರಬೇಕಿತ್ತು.

ಬೇರೆ ತಂಡದವರು ಬಂದರು, ಮುಟ್ಟಿದರು, ಹೋದರು.
ಜೆಲ್ಲಿನ ಪೊಟ್ಟಣ ಹಿಂಡಿ ಹೀರಿಕೊಂಡು
ಒಬ್ಬಳು ನನ್ನತ್ತ ನಕ್ಕಳು.
ನನ್ನ ಹೊಟ್ಟೆಯಲ್ಲಿ ರಾತ್ರಿಯ ಅರ್ಧ ಮುದ್ದೆ,
ಅದೂ ಕಾಯುತ್ತಿತ್ತು.

ಕೊನೆಗೂ ಕಬ್ಬಿನ ಟ್ರಾಕ್ಟರಿನ ಹಿಂದೆ
ಧೂಳಿನೊಳಗಿಂದ ಅವನು.
ಓಡುತ್ತಲೂ ಇರಲಿಲ್ಲ, ನಡೆಯುತ್ತಲೂ ಇರಲಿಲ್ಲ.
ಬಂದವನೇ ನನ್ನ ಮುಂಗೈ ಹಿಡಿದುಕೊಂಡ.
‘ಪಟ್ಟಿ ಬಿದ್ದೋಯ್ತು ಕನಕ್ಕಾ.
ಎಲ್ಲೋ ಏನೋ. ನಾಲೆ ತಾವ ಮೊಕ ತೊಳ್ಕಂಡೆ,
ವಾಪಸ್ ಓಗಿ ಮಂಡಿ ಊರಿ ತಡಕ್ದೆ. ಇಲ್ಲ.’
ನನ್ನ ಕಸುಬು ನರ್ಸಿನದು. ಬೆರಳು ತಾನಾಗೇ ಅವನ ನಾಡಿ ಹುಡುಕಿತು:
ನೂರ ಎಪ್ಪತ್ತು, ಇನ್ನೂ ಏರುತ್ತಿತ್ತು.
ಆಸ್ಪತ್ರೆಯಲ್ಲಾಗಿದ್ದರೆ ಡಾಕ್ಟರನ್ನು ಕೂಗುತ್ತಿದ್ದೆ.

ಮಿಂಚುಜಾಕೀಟಿನ ಹುಡುಗ ಹಾಳೆ ತಿರುವಿದ.
ಪಟ್ಟಿಯಿಲ್ಲದೆ ತಂಡವಿಲ್ಲ. ಹದಿನಾಲ್ಕು, ಔಟು.
ಪೆನ್ನು ಬರೆಯಲಿಲ್ಲ. ಉದುರಿಸಿ ಮತ್ತೆ ಬರೆದ.

ಮೇಲೆ ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲಲ್ಲಿ
ನೂರ್‌ಜಬೀನ್ ಕಾಯುತ್ತಿದ್ದಾಳೆ,
ಅವಳ ಫೋನು ನನ್ನ ಚೀಲದಲ್ಲೇ ಉಳಿದಿದೆ.
ಯಾರಾದರೂ ಹೋಗಿ ಹೇಳಬೇಕಲ್ಲ.
‘ಜೀಪ್ ಹತ್ತಿ ಮೇಡಂ’ ಅಂದ ಹುಡುಗ.
ಯಾಕೋ ಹತ್ತಲಿಲ್ಲ.

ಆರು ಕಿಲೋಮೀಟರ್ ಏರು.
ಔಟಾದ ಮೇಲೆ ಓಡುವುದಕ್ಕೆ ಬೇರೆಯೇ ಕಾಲು ಬೇಕು,
ಅದು ಮೊದಲ ತಿರುವಿನಲ್ಲಿ ಸಿಕ್ಕಿತು.
ಎರಡನೇ ತಿರುವಿನಲ್ಲಿ ಕಳೆದುಹೋಯಿತು.
ಕುರುಚಲ ಕಾಡಿನಲ್ಲಿ ನವಿಲು ಕೇಕೆ ಹಾಕಿತು,
ಹೆಂಗಸೊಬ್ಬಳು ಯಾರನ್ನೋ ಬೈದಂತೆ.
ಬಂಡೆ ಇನ್ನೂ ನಿನ್ನೆಯ ಬಿಸಿಲನ್ನು ಬಿಟ್ಟುಕೊಡುತ್ತಿತ್ತು.
ನನ್ನ ಹಿಂದೆ ಚಪ್ಪಲಿಯ ಸದ್ದು,
ತಿರುಗಿದರೆ ಯಾರೂ ಇಲ್ಲ,
ನನ್ನದೇ ನೀರಿನ ಬಾಟಲಿ.

ಕಲ್ಯಾಣಿಗೆ ಬೆಳಕು ಇಳಿಯುತ್ತಿತ್ತು.
ಅವಳು ಆಗಲೇ ಎದ್ದು, ಕಾಲು ಮುಂದಿಟ್ಟು, ಕೈ ಹಿಂದೆ ಚಾಚಿದ್ದಳು.
ನಾನು ಬಂದದ್ದೇ ಹೇಳುವುದಕ್ಕೆ.
ಉಸಿರಿದ್ದರೆ ತಾನೇ?
ಬಾಯಿ ತೆರೆದೆ, ಮಾತು ಕೆಳಗಿನ ತಿರುವಿನಲ್ಲೇ ಉಳಿದಿತ್ತು.
ಅವಳ ಮುಂಗೈ ಒತ್ತಿದೆ, ಅಷ್ಟೆ,
ಮರಿಮಾದನ ಬೆವರು ಇನ್ನೂ ಅಂಟಿದ್ದ ಬೆರಳಿಂದ.
ಅವಳು ನೋಡಿದಳು. ಏನೂ ಇರಲಿಲ್ಲ.
ಇನ್ನೊಂದು ಕೈಯಿಂದ ಆ ಏನೂ ಇಲ್ಲದ್ದನ್ನು
ಬೀಳದ ಹಾಗೆ ಮುಚ್ಚಿಕೊಂಡು
ಮೆಟ್ಟಿಲು ಹತ್ತಿಬಿಟ್ಟಳು.

ಮೊನ್ನೆ ಪೋಲಿಯೋ ಹನಿ ಹಾಕಲು ಜಕ್ಕನಹಳ್ಳಿಗೆ ಹೋಗಿದ್ದೆ.
ಡೈರಿ ಮುಂದೆ ಸಾಲು, ಒಂದು ಕ್ಯಾನಿನ ಹಿಡಿಗೆ
ಬಿಗಿಯಾಗಿ ಸುತ್ತಿದ ನೀಲಿ ಪಟ್ಟಿ,
ಅಂಕಿ ಮುಕ್ಕಾಲು ಅಳಿಸಿತ್ತು.
ಕೇಳಲಿಲ್ಲ.
ಮುದುಕಿ ಹಾಲು ಸುರಿದು, ಕ್ಯಾನು ಕೊಡವಿ,
ಮೊಮ್ಮಗನ ಕೈಗೆ ಕೊಟ್ಟಳು.
ಅವನು ಓಡಿದ.